ಎರಡನೆಯ ಸೋಸುಚೀಲ

ತಿರುಗುತ್ತಿದೆ, ನೀಲಿ ತೋಳು, ಬಿಳಿ ಕಾಲರು, ಮತ್ತೆ ನೀಲಿ ತೋಳು, ಗಾಜಿನ ದುಂಡು ಬಾಗಿಲಿಗೆ ಬಂದು ಬಡಿದು ಕೆಳಗೆ ಜಾರುವ ತೋಳು, ಅವನದು, ಒಳಗೆ ಕೈಯಿಲ್ಲ — ಸೋಮವಾರ, ಬೆಳಿಗ್ಗೆ ಎಂಟೂವರೆ, ಶನಿವಾರ ನನ್ನ ಗಂಡ ಲುಡೊವಿಕ್‌ನ ಅಂತ್ಯಕ್ರಿಯೆ ಮುಗಿಯಿತು, ಭಾನುವಾರ ಅವನ ಕಡೆಯವರು ಸ್ಯಾಂಡ್‌ವಿಚ್ಚಿನ ಖಾಲಿ ತಟ್ಟೆಗಳನ್ನು ಎತ್ತಿಕೊಂಡು ಹೋದರು, ಇದು ಅದಾದ ಮೇಲಿನ ಮೊದಲ ಮಾಮೂಲಿ ಬೆಳಿಗ್ಗೆ, ಕಸದ ಲಾರಿ ಬಂತು, ಎದುರು ಮನೆಯ ನಾಯಿ ಅದಕ್ಕೆ ಬೊಗಳಿತು, ಲಾರಿ ಹೋಯಿತು, ನಾಯಿ ಸುಮ್ಮನಾಯಿತು, ಎಲ್ಲರೂ ತಮ್ಮ ತಮ್ಮ ಕೆಲಸ ಮಾಡುತ್ತಿರುವಾಗ ನಾನೂ ಏನಾದರೂ ಮಾಡಬೇಕಲ್ಲ, ಸೋಮವಾರ ಬಟ್ಟೆ ಒಗೆಯುವ ದಿನ, ಬುಟ್ಟಿಯಲ್ಲಿದ್ದುದನ್ನೆಲ್ಲ ಮೆಷಿನ್ನಿಗೆ ತುರುಕಿ, ಮುಚ್ಚಳದ ತುಂಬ ಲ್ಯಾವೆಂಡರ್ ಸೋಪು ಸುರಿದು ನೆಲದ ಮೇಲೆ ಕೂತಿದ್ದೇನೆ, ಅವನ ಐದು ಶರ್ಟು, ಎರಡು ಟವೆಲು, ಮತ್ತೆ ಅದೇನದು, ಶರ್ಟುಗಳ ನಡುವೆ ಬೆಳ್ಳಗೆ, ದಪ್ಪಗೆ, ಶಂಕುವಿನ ಹಾಗೆ ಚೂಪು ಮೂತಿಯದು, ಒಮ್ಮೆ ಮೂತಿ ಮೇಲೆ, ಒಮ್ಮೆ ಮೂತಿ ಕೆಳಗೆ — ಮದಾಮ್ ಇಮೆಲ್ಡಾ ಅವರ ಸೋಸುಚೀಲ. ಪಾಕ ಸೋಸುವ ಉಣ್ಣೆಯ ಚೀಲ. ಹಿತ್ತಲಿನ ಏಳು ಮೇಪಲ್ ಮರಗಳ ನೀರು ಇಳಿಸಿ ಈ ವರ್ಷ ನಾನೇ ಪಾಕ ಕಾಯಿಸುತ್ತೇನೆ ಎಂದು ಹೊರಟ ಲುಡೊ ಅದನ್ನು ಅವರಿಂದ ಎರವಲು ತಂದಿದ್ದ, ಎರಡು ತಂದಿದ್ದ, ಒಂದರಲ್ಲಿ ಸೋಸುವಾಗ ಇನ್ನೊಂದು ಬಿಸಿನೀರಿನಲ್ಲಿ ನೆನೆಯುತ್ತಿರಬೇಕಂತೆ, ಒಂದನ್ನು ಹಿಂಬಾಗಿಲ ಮೊಳೆಗೆ ಟವೆಲಿನ ಪಕ್ಕ ತೂಗುಹಾಕಿದ್ದ, ಮನೆ ಚೊಕ್ಕಟ ಮಾಡಲು ಬಂದ ಯಾರೋ ಟವೆಲನ್ನೂ ಅದನ್ನೂ ಒಟ್ಟಿಗೆ ಬುಟ್ಟಿಗೆ ಎಸೆದಿರಬೇಕು. ಸೋಪು ತಾಗಿಸ್ಬೇಡ ಸೊಲೆನ್, ಬರೀ ಬಿಸಿನೀರು ಸಾಕು, ಉಣ್ಣೆಗೆ ಒಂದ್ಸಲ ಸೋಪು ತಾಗಿದ್ರೆ ಅದು ಮರೆಯೋದೇ ಇಲ್ಲ, ಆಮೇಲೆ ಸೋಸಿದ ಪಾಕ ಎಲ್ಲ ಸೋಪು, ನಮ್ಮೂರಲ್ಲಿ ಐದು ವರ್ಷದ ಮಗೂಗೂ ಇದು ಗೊತ್ತು, ನಿನ್ನಂಥ ಕೆಮಿಸ್ಟ್ರಿ ಓದಿದೋರಿಗೆ ಮಾತ್ರ ಹೇಳ್ಕೊಡ್ಬೇಕು — ಲುಡೊ ನಗುತ್ತ ಹೇಳಿದ್ದ, ಹತ್ತು ದಿನ ಮೊದಲು, ಅಂಗಡಿಯ ಮುಂದೆ ಕಾರು ನಿಲ್ಲಿಸುವಲ್ಲಿ ತಲೆಯೊಳಗಿನ ಒಂದು ರಕ್ತನಾಳ ಒಡೆದು ಈರುಳ್ಳಿ ಚೀಲದ ಪಕ್ಕ ಬೀಳುವುದಕ್ಕೆ ಹತ್ತು ದಿನ ಮೊದಲು. ಅದು ಏನೆಂದು ನನಗೆ ಗೊತ್ತಾದಾಗ ಇನ್ನೂ ಮೊದಲ ಸುತ್ತು. ಎದ್ದು ಗುಂಡಿ ಒತ್ತಬಹುದಿತ್ತು. ಒತ್ತಲಿಲ್ಲ. ಮೂತಿ ಮೇಲೆ, ಮೂತಿ ಕೆಳಗೆ, ನೊರೆ, ನೋಡುತ್ತ ಕೂತೆ, ನಿಂತ ಮೇಲೆ ತೆಗೆದು ಎರಡು ಶರ್ಟುಗಳ ನಡುವೆ ಹಗ್ಗಕ್ಕೆ ಸಿಕ್ಕಿಸಿದೆ, ಮೂತಿಯಿಂದ ಸಂಜೆಯವರೆಗೂ ನೀರು ತೊಟ್ಟಿಕ್ಕಿತು. ಬುಧವಾರ ನಾದಿನಿ ಜೊಸಿಯಾನ್ ಬಂದಳು, ಹಗ್ಗದ ಮೇಲಿನ ಚೀಲ ನೋಡಿ, ಇದು ಇಲ್ಲೇ ಇದ್ಯಾ, ಒಳ್ಳೇದಾಯ್ತು, ಇಮೆಲ್ಡಾ ಫೋನ್ ಮೇಲೆ ಫೋನ್ ಮಾಡ್ತಿದಾರೆ, ಮರಗಳು ಹುಚ್ಚು ಹಿಡಿದ ಹಾಗೆ ನೀರು ಬಿಡ್ತಿವೆಯಂತೆ, ನಾನು ಹೋಗ್ತಾ ಕೊಟ್ಟು ಹೋಗ್ತೀನಿ, ಎಂದಳು. ತಗೊಂಡು ಹೋಗು, ಎಂದೆ. ಅಷ್ಟೇ ಎಂದೆ. ಸೋಪು ಎನ್ನುವ ಒಂದು ಮಾತು, ಎರಡಕ್ಷರ, ಬಾಯಿ ತೆರೆಯಬೇಕಿತ್ತು, ತೆರೆಯಲಿಲ್ಲ.

ಈಗ ಭಾನುವಾರ, ಬೆಳಿಗ್ಗೆ ಹನ್ನೊಂದು, ಇದು ಇಮೆಲ್ಡಾ ಅವರ ಸಕ್ಕರೆ ಗುಡಿಸಲು, ವಸಂತದಲ್ಲಿ ಪಾಕ ಕಾಯಿಸಿ ಬಂದವರಿಗೆ ಊಟ ಹಾಕುವ ಜಾಗ, ಗುಡಿಸಲು ಎನ್ನುವುದು ಹೆಸರಿಗೆ, ನೂರಿಪ್ಪತ್ತು ಜನ ಹಿಡಿಯುವ ಉದ್ದನೆಯ ಊಟದ ಹಾಲ್, ಮೇಜಿನ ಮೇಲೆ ಕೆಂಪು ಚೌಕುಳಿಯ ಪ್ಲಾಸ್ಟಿಕ್ಕು, ಮೊಣಕೈ ಇಟ್ಟರೆ ಅಂಟುತ್ತದೆ, ಎತ್ತಿದರೆ ಚರ್ ಎಂದು ಬಿಡುತ್ತದೆ, ನಿನ್ನೆ ಕೂತವರ ಪಾಕ, ಅದರ ಕೆಳಗೆ ಮೊನ್ನೆ ಕೂತವರ ಪಾಕ. ಬರುವುದಿಲ್ಲ ಎಂದಿದ್ದೆ. ಅತ್ತೆ ಪಿಯೆರೆತ್ ಫೋನಿನಲ್ಲೇ ಮೂಗು ಸೀಟಿದರು, ಪ್ರತಿ ವರ್ಷ ಹೋಗ್ತೀವಿ ಪುಟ್ಟಿ, ಅವನೇ ಜನವರಿಯಲ್ಲಿ ಜಾಗ ಹಿಡಿಸಿಟ್ಟಿದ್ದ, ನಾವು ಹೋಗದಿದ್ರೆ ಅವನಿಗೆ ಬೇಜಾರಾಗತ್ತೆ. ಅವನಿಗೆ ಬೇಜಾರು. ಬಾಗಿಲಲ್ಲಿ ಪಟ್ಟಿ ಹಿಡಿದು ನಿಂತ ದಪ್ಪ ಹೆಂಗಸು ಕಿರುಚಿದಳು, ಲುಡೊವಿಕ್, ಎಂಟು ಜನ, ಲುಡೊವಿಕ್ ಬಂದಿದಾರಾ, ಲುಡೊವಿಕ್ — ಅತ್ತೆ ಶಾಲೆಯ ಹುಡುಗಿಯ ಹಾಗೆ ಕೈಯೆತ್ತಿ, ಬಂದಿದೀವಿ ಬಂದಿದೀವಿ, ಎಂದರು. ಮೇಜಿನ ಮೇಲೆ ಮಡಿಸಿಟ್ಟ ರಟ್ಟಿನಲ್ಲಿ ಅವನ ಹೆಸರು, ಪಕ್ಕದಲ್ಲಿ ನಗುವ ಮೇಪಲ್ ಎಲೆ. ಅತ್ತೆ, ಜೊಸಿಯಾನ್, ಅವಳ ಗಂಡ, ಅವರ ಮೂರು ಹೆಣ್ಣುಮಕ್ಕಳು, ನಾನು, ಎಂಟನೆಯ ಕುರ್ಚಿಯ ಮೇಲೆ ಎಲ್ಲರ ಕೋಟುಗಳ ರಾಶಿ, ಜಾರುತ್ತದೆ, ಯಾರೋ ಎತ್ತಿ ಸರಿಮಾಡುತ್ತಾರೆ, ಮತ್ತೆ ಜಾರುತ್ತದೆ. ಹೊರಗೆ ಹಿಮವಿಲ್ಲ, ಏಪ್ರಿಲಿನಲ್ಲಿ ಹೀಗೊಂದು ಸೆಖೆ, ಕೆಸರು, ಬಸ್ಸಿನಲ್ಲಿ ಬಂದ ಕಾರ್ಖಾನೆಯವರು ಆ ಕೆಸರನ್ನು ಹಾಲಿನುದ್ದಕ್ಕೂ ತುಳಿದು ತಂದಿದ್ದಾರೆ, ಒದ್ದೆ ಸಾಕ್ಸಿನ ವಾಸನೆ, ಹಂದಿಕೊಬ್ಬಿನ ವಾಸನೆ, ಮೂಲೆಯಲ್ಲಿ ಒಬ್ಬ ಅಕಾರ್ಡಿಯನ್ ಬಾರಿಸುತ್ತ ಗೊಗ್ಗರು ದನಿಯಲ್ಲಿ ಚಪ್ಪಾಳೆ ಕೇಳುತ್ತಿದ್ದಾನೆ. ಬಟಾಣಿ ಸೂಪು ಬಂತು, ಮೇಲೆ ಕೆನೆಗಟ್ಟಿದೆ, ಚಮಚದಿಂದ ಕೆನೆ ಸರಿಸಿದರೆ ಅದು ಚರ್ಮದ ಹಾಗೆ ಮಡಚಿಕೊಳ್ಳುತ್ತದೆ. ಕೊಬ್ಬಿನಲ್ಲಿ ಬೆಂದ ಬೀನ್ಸ್ ಕಾಳು ಬಂತು. ಕ್ರಿಸ್ತನ ಕಿವಿಗಳು ಬಂದವು, ಉಪ್ಪು ಹಾಕಿ ಹುರಿದ ಹಂದಿಚರ್ಮ, ಮುರುಟಿ ನಿಜವಾಗಿ ಕಿವಿಗಳ ಹಾಗೇ ಆಗಿವೆ, ಒಂದರಲ್ಲಿ ಎರಡು ಕೂದಲು ನೆಟ್ಟಗೆ ನಿಂತಿವೆ, ಜೊಸಿಯಾನ್‌ಳ ಗಂಡ ಅದನ್ನೇ ಎತ್ತಿಕೊಂಡು ಕರ್ ಎಂದು ಕಡಿದ. ತಿನ್ನೇ ಸೊಲೆನ್, ಎರಡು ವಾರದಲ್ಲಿ ಕಡ್ಡಿ ಆಗಿದೀಯ, ಎಂದ, ತುಟಿಯಲ್ಲಿ ಎಣ್ಣೆ ಹೊಳೆಯಿತು. ಸತ್ತವನ ಹೆಸರಿನ ರಟ್ಟಿಗೆ ಅವನ ಬೆರಳಿನ ಎಣ್ಣೆ ತಾಗಿತು. ನಾನು ನೋಡಿದೆ. ಅದನ್ನೂ ನೋಡಿದೆ.

ಕಾರಿನಲ್ಲಿ ಹಿಂದಿನ ಸೀಟಿನ ಕೆಳಗೆ ಬ್ರೆಡ್ಡಿನ ಪ್ಲಾಸ್ಟಿಕ್ ಚೀಲ ಇದೆ, ಅದರೊಳಗೆ ಎರಡನೆಯದು. ಅದು ಬುಟ್ಟಿಗೆ ಬಿದ್ದಿರಲಿಲ್ಲ, ಹಿತ್ತಲಿನ ಒಲೆಯ ಪಕ್ಕ ಮಗುಚಿಟ್ಟ ಪಾತ್ರೆಯ ಅಡಿಯಲ್ಲಿತ್ತು, ಅವನು ಕಾಯಿಸಿದ ಒಂದೇ ಒಂದು ಒಬ್ಬೆ ಪಾಕವನ್ನು ಸೋಸಿ, ಹಿಂಡಿ, ಆಮೇಲೆ ತೊಳೀತೀನಿ ಎಂದು ಅಲ್ಲೇ ಬಿಟ್ಟದ್ದು. ಹಿಂಡಿದ ಮಡಿಕೆಗಳು ಹಾಗೇ ಒಣಗಿ ನಿಂತಿವೆ. ಎರಡು ಮುಷ್ಟಿ, ಒಂದು ಬಲಕ್ಕೆ ತಿರುಚಿದ್ದು, ಒಂದು ಎಡಕ್ಕೆ, ಮಧ್ಯದಲ್ಲಿ ಅವನ ಹೆಬ್ಬೆರಳು ಕೂತಷ್ಟು ತಗ್ಗು. ದಿನವೂ ಬೆಳಿಗ್ಗೆ ಚೀಲ ಬಿಚ್ಚುತ್ತೇನೆ, ಹುಳಿಯಾಗಿದೆ, ಹೊಗೆ, ಅಂಚಿನಲ್ಲಿ ಬೂದಿ ಬಣ್ಣದ ಬೂಷ್ಟು, ಮೂಗು ತೂರಿಸುತ್ತೇನೆ, ಹೇಸಿಗೆಯಾಗುತ್ತದೆ, ಮತ್ತೆ ತೂರಿಸುತ್ತೇನೆ. ಮಡಿಕೆಗಳ ಮೇಲೆ ಕೈಯಿಡುವುದಿಲ್ಲ. ಅವನ ಮುಷ್ಟಿ ದೊಡ್ಡದು, ನನ್ನದು ಅದರೊಳಗೆ ಆಡುತ್ತದೆ. ಜೊಸಿಯಾನ್ ನಿನ್ನೆ ಹೇಳಿದಳು, ಇನ್ನೊಂದು ಇತ್ತಂತಲ್ಲ, ಅದನ್ನೂ ತಂದ್ಬಿಡು, ಅವರು ಕೇಳ್ತಿದಾರೆ. ತಂದಿದ್ದೇನೆ. ಕೊಡುವುದಿಲ್ಲ. ಸಿಗಲಿಲ್ಲ ಎನ್ನುತ್ತೇನೆ, ಯಾರು ಕೇಳುತ್ತಾರೆ, ಉಣ್ಣೆಯ ಒಂದು ಚೀಲ, ಅವರ ಬಳಿ ಇನ್ನೂ ಹತ್ತು ಇರಬಹುದು.

ಆಮ್ಲೆಟ್ ಬಂತು, ಹಳದಿ ಸ್ಪಂಜು, ಕೆಳಗೆ ನೀರು ಬಿಟ್ಟುಕೊಂಡಿದೆ, ಜೊತೆಗೆ ಪಾಕದ ಜಗ್ಗು, ಅತ್ತೆ ಎಂದಿನ ಹಾಗೆ ಎಲ್ಲದರ ಮೇಲೂ ಸುರಿದುಕೊಂಡರು, ಆಮ್ಲೆಟ್ಟಿಗೆ, ಕಾಳಿಗೆ, ಹಂದಿತೊಡೆಗೆ, ಮೊದಲ ತುತ್ತು ಬಾಯಿಗಿಟ್ಟು ನಿಂತರು, ಕಣ್ಣು ಮುಚ್ಚಿದರು. ಹೂವು, ಎಂದರು. ಏನಮ್ಮಾ, ಎಂದಳು ಜೊಸಿಯಾನ್. ಹೂವಿನ ವಾಸನೆ ಕಣೇ, ಪಾಕದಲ್ಲಿ ಹೂವಿನ ವಾಸನೆ, ನನ್ನ ಅಮ್ಮ ಸತ್ತಾಗ್ಲೂ ಹೀಗೇ ಆಗಿತ್ತು, ಮನೆ ತುಂಬ ಗುಲಾಬಿ, ಸತ್ತೋರು ಬಂದ್ರೆ ಹಾಗೇ, ಅವನು ಬಂದಿದಾನೆ, ಲುಡೊ ಬಂದಿದಾನೆ — ಕಣ್ಣೀರು ಪಾಕಕ್ಕೆ ಬೀಳುತ್ತಿದೆ, ಮೂಗಿನದೂ ಬೀಳುತ್ತಿದೆ, ಅವರು ಅಗಿಯುತ್ತಿದ್ದಾರೆ. ನಾನು ಚಮಚದ ತುದಿ ಜಗ್ಗಿನಲ್ಲಿ ಅದ್ದಿ ನಾಲಿಗೆಗೆ ತಾಗಿಸಿದೆ. ಮೊದಲು ಸಿಹಿ, ಮರ, ಹೊಗೆ, ಆಮೇಲೆ ನಾಲಿಗೆಯ ಹಿಂಬದಿಯಿಂದ ಎದ್ದು ಬಂತು, ಲ್ಯಾವೆಂಡರ್, ಸೋಮವಾರ, ಒದ್ದೆ ಕಾಲರು. ಕುದಿಯುವ ಪಾಕದ ಬಿಸಿಗೆ ಉಣ್ಣೆ ಹಿಡಿದಿಟ್ಟದ್ದನ್ನೆಲ್ಲ ಬಿಟ್ಟುಕೊಡುತ್ತದೆ, ಶೆರ್ಬ್ರೂಕಿನಲ್ಲಿ ಆರು ವರ್ಷ ಕೆಮಿಸ್ಟ್ರಿ ಓದಿದ್ದೇನೆ, ಯಾವ ಕಣ ಎಷ್ಟು ಬಿಸಿಗೆ ಬಿಡುತ್ತದೆಂದು ಪರೀಕ್ಷೆಯಲ್ಲಿ ಬರೆದಿದ್ದೇನೆ. ತಲೆಯೆತ್ತಿದೆ. ನೂರಿಪ್ಪತ್ತು ಬಾಯಿಗಳು. ನೂರಿಪ್ಪತ್ತು ಜನ ನನ್ನ ಗಂಡನ ಶರ್ಟುಗಳನ್ನು ಅಗಿಯುತ್ತಿದ್ದಾರೆ, ತೋಳು ಅಗಿಯುತ್ತಿದ್ದಾರೆ, ಗುಂಡಿಯ ಸಾಲು ಅಗಿಯುತ್ತಿದ್ದಾರೆ, ಹಲ್ಲಿನ ಸಂದಿಯಿಂದ ಬೆರಳು ಹಾಕಿ ತೆಗೆಯುತ್ತಿದ್ದಾರೆ. ಬಸ್ಸಿನವರ ಮೇಜಿನಲ್ಲಿ ಒಬ್ಬ ತಟ್ಟೆಗೇ ಉಗಿದ, ಏ, ಇದೇನ್ರಯ್ಯಾ, ಅಜ್ಜಿ ಮಿಂದ ನೀರು ಕಾಯಿಸಿ ಕೊಟ್ಟಿದಾರಾ, ಎಂದ, ಇನ್ನೊಬ್ಬ, ಬಿಡೋ, ಹೊಟ್ಟೆ ಒಳಗಿಂದ ಸ್ವಚ್ಛ ಆಗತ್ತೆ, ನಿಂಗೆ ಅದೇ ಬೇಕಾಗಿರೋದು, ಎಂದ, ಮೇಜೆಲ್ಲ ಕುಲುಕುವಂತೆ ನಕ್ಕರು, ನಕ್ಕು ಮತ್ತೆ ತಿಂದರು, ಬಂದಾಗಿದೆ, ಕೂತಾಗಿದೆ, ತಿನ್ನಬೇಕು.

ಆಗ ಜೊಸಿಯಾನ್ ಫೋರ್ಕನ್ನು ಕೆಳಗಿಟ್ಟಳು. ಜಗ್ಗನ್ನು ಮೂಗಿನ ಹತ್ತಿರ ಹಿಡಿದು ಮೂಸಿದಳು. ನನ್ನನ್ನು ನೋಡಿದಳು. ಅವಳು ದಡ್ಡಿಯಲ್ಲ, ಬುಧವಾರ ಅವಳೇ ಆ ಚೀಲವನ್ನು ಶರ್ಟುಗಳ ನಡುವಿನಿಂದ ತೆಗೆದದ್ದು. ಹುಡುಗಿಯರ ತಲೆಯ ಮೇಲಿಂದ ಬಾಗಿ ನನ್ನ ಕಿವಿಗೆ ಬಂದಳು, ಸುಮ್ನಿರು, ಎಂದಳು, ಯಾರಿಗೂ ಗೊತ್ತಾಗಲ್ಲ, ಗೊತ್ತಾದ್ರೂ ನಿಂಗೆ ಯಾರೂ ಏನೂ ಅನ್ನಲ್ಲ, ಈ ವರ್ಷ ನೀನು ಏನ್ ಮಾಡಿದ್ರೂ ನಡೆಯತ್ತೆ, ನೀನು ಗಂಡ ಸತ್ತೋಳು. ಅವಳ ಉಸಿರಿನಲ್ಲೂ ಲ್ಯಾವೆಂಡರ್. ಏನು ಮಾಡಿದರೂ ನಡೆಯುತ್ತದೆ, ಮಗುವಿಗೆ, ಹುಚ್ಚರಿಗೆ, ಕುಡಿದವರಿಗೆ ಕೊಡುವ ರಜೆ, ನನಗೂ ಕೊಟ್ಟಿದ್ದಾರೆ, ಎರಡು ವಾರದಿಂದ ನಾನು ಹೇಳಿದ್ದಕ್ಕೆಲ್ಲ ಆಗಲಿ ಪುಟ್ಟಿ, ಆಗಲಿ ಪುಟ್ಟಿ.

ಇವಾನ್ ಬಂದ, ಇಮೆಲ್ಡಾ ಅವರ ಮಗ, ಊಟದ ಹಾಲ್ ನೋಡಿಕೊಳ್ಳುವವನು, ಐವತ್ತು ದಾಟಿದವನು, ಮೇಜಿನಿಂದ ಮೇಜಿಗೆ ಜಗ್ಗುಗಳನ್ನು ಎತ್ತಿಕೊಳ್ಳುತ್ತ ಬರುತ್ತಿದ್ದ, ಕುತ್ತಿಗೆಯವರೆಗೂ ಕೆಂಪಾಗಿದ್ದ. ಕ್ಷಮಿಸಿ ಪಿಯೆರೆತ್, ಮೊದಲು ನಿಮ್ಮ ಮೇಜಿಗೇ ಬರ್ಬೇಕಿತ್ತು, ಚೆಲ್ಲಿ ಅಂದಿದ್ದ ಪಾಕನೇ ಹುಡುಗರು ಮೇಜಿಗೆ ಇಟ್ಬಿಟ್ಟಿದಾರೆ, ಪಕ್ಕದೂರಿಂದ ಡಬ್ಬಿ ಪಾಕ ತರಿಸ್ತಿದೀನಿ, ಹತ್ತು ನಿಮಿಷ. ಏನಾಯ್ತು ಇವಾನ್, ಚೆನ್ನಾಗೇ ಇದೆಯಲ್ಲ, ಹೂವಿನ ಹಾಗಿದೆ, ಎಂದರು ಅತ್ತೆ. ಹೂವಲ್ಲ ಪಿಯೆರೆತ್, ಸೋಪು, ಅಮ್ಮ ಸೋಸುಚೀಲ ಸೋಪು ಹಾಕಿ ತೊಳೆದುಬಿಟ್ಟಿದಾಳೆ, ಐವತ್ತೆಂಟು ವರ್ಷ ಪಾಕ ಕಾಯಿಸಿದೋಳು, ಸೋಪು, ತಬರ್ನಾಕ್, ಎಂದು ಬೈದ, ಗುರುವಾರದಿಂದ ಕಾಯಿಸಿದ್ದೆಲ್ಲ ಚರಂಡಿಗೆ. ಎರಡು ವರ್ಷದ ಹಿಂದೆ ಜ್ವರ ಬಂದು ಅವಳ ಮೂಗು ಹೋಯ್ತು, ವಾಸನೆನೇ ಗೊತ್ತಾಗಲ್ಲ, ಸರಿ ಅಂದೆ, ನಿಮ್ಮ ಲುಡೊ ಭಾನುವಾರ ಭಾನುವಾರ ಬಂದು ಅವಳ ಪರವಾಗಿ ಮೂಸಿ ಹೇಳ್ತಿದ್ದ, ಒಳ್ಳೇ ಹುಡುಗ, ಈಗ ಅವನೂ ಇಲ್ಲ, ಇವಳ ತಲೆನೂ ಇಲ್ಲ. ಇವತ್ತು ಬೆಳಿಗ್ಗೆ ಸೌಟು ಕಿತ್ಕೊಂಡೆ. ಸಾಕು. ಈ ಒಲೆ ಇನ್ನು ಹೊತ್ತಿಸಲ್ಲ, ಮುಂದಿನ ವರ್ಷದಿಂದ ಮರದ ನೀರು ಪೈಪಲ್ಲಿ ಕಾರ್ಖಾನೆಗೆ ಹೋಗ್ಲಿ, ನಾಳೆ ಬಾಣಲೆ ನೋಡಕ್ಕೆ ಕೊಳ್ಳೋ ಜನ ಬರ್ತಿದಾರೆ. ಅವರೇನಂತಾರೆ, ಎಂದಳು ಜೊಸಿಯಾನ್, ತಟ್ಟೆ ನೋಡುತ್ತ. ಏನಂತಾಳೆ, ತೊಳೆದಿಲ್ಲ ಅಂತ ಬೆಳಿಗ್ಗೆ ಕೂಗಾಡಿದ್ಲು, ಹತ್ತು ಗಂಟೆ ಹೊತ್ತಿಗೆ ತೊಳೆದಿರ್ಬೇಕು ಅಂದ್ಲು, ಈಗ ಹೇಗೆ ತೊಳೆದೆ ಅಂತ ನೆನಪು ಮಾಡ್ಕೊಳ್ತಿದಾಳೆ. ಅವನು ಗಲ್ಲದಿಂದ ತೋರಿಸಿದ.

ಹಾಲಿನ ಆ ತುದಿಯಲ್ಲಿ, ಕೋಟು ತೂಗುಹಾಕುವ ಗೂಟಗಳ ಕೆಳಗೆ, ಸ್ಟೂಲಿನ ಮೇಲೆ ಇಮೆಲ್ಡಾ. ಕಾಗದದ ಕರವಸ್ತ್ರ ಮಡಿಸುವ ಕೆಲಸ ಕೊಟ್ಟಿದ್ದಾರೆ. ಗಂಡಸರ ರಬ್ಬರ್ ಬೂಟು, ಏಪ್ರನ್ನು, ಏಪ್ರನ್ನಿನ ಬಲಭಾಗ ಸೌಟು ಒರೆಸಿ ಒರೆಸಿ ಕಂದಾಗಿದೆ. ಒಂದು ಕರವಸ್ತ್ರ ಮಡಿಸಿದರು, ನಿಂತರು, ಕೈ ಗಾಳಿಯಲ್ಲಿ ಏನನ್ನೋ ಹಿಡಿದು ನೀರಿನಲ್ಲಿ ಅದ್ದುವ ಹಾಗೆ ಆಡಿತು, ಇನ್ನೊಂದು ಕೈ ಪಕ್ಕಕ್ಕೆ ಹೋಯಿತು, ಸೋಪಿನ ಡಬ್ಬಿ ಎಲ್ಲಿರುತ್ತದೋ ಅಲ್ಲಿಗೆ, ಅಲ್ಲಿ ಡಬ್ಬಿ ಇಲ್ಲ, ಕೈ ನಿಂತಿತು, ಮತ್ತೆ ಮೊದಲಿನಿಂದ. ಮಾಡದ ತಪ್ಪನ್ನು ಹುಡುಕುತ್ತಿದ್ದಾರೆ. ಹುಡುಕುತ್ತ ಹೋದರೆ ಸಿಕ್ಕೇಬಿಡುತ್ತದೆ, ಮಧ್ಯಾಹ್ನದ ಹೊತ್ತಿಗೆ ಡಬ್ಬಿಯ ಬಣ್ಣವೂ ನೆನಪಾಗುತ್ತದೆ. ನಾನು ಹೇಳಬೇಕು. ಹೇಳಿದರೆ ಅವನು ಕೇಳುತ್ತಾನೆ, ಎರಡು ಕೊಟ್ಟಿದ್ದೆವಲ್ಲ, ಇನ್ನೊಂದು ಎಲ್ಲಿ, ಸಾಯಂಕಾಲದವರೆಗೆ ಬರೀ ಮಾತು, ಪಾಪದ ಹುಡುಗಿ ಮುದುಕಿಯನ್ನು ಉಳಿಸಲು ಸುಳ್ಳು ಹೇಳುತ್ತಿದೆ ಎನ್ನುತ್ತಾನೆ, ಇಲ್ಲದಿದ್ದರೆ ಜೊಸಿಯಾನ್ ಹಾಗೆನ್ನುತ್ತಾಳೆ, ಇವರೆಲ್ಲ ನನ್ನ ಬಗ್ಗೆ ಎಷ್ಟು ಕನಿಕರ ತುಂಬಿಕೊಂಡಿದ್ದಾರೆಂದರೆ ನನ್ನ ಒಂದು ಮಾತೂ ಇವರ ಕಿವಿಯೊಳಗೆ ಹೋಗುವುದಿಲ್ಲ. ಹೇಳಿದೆ. ಇವಾನ್, ನಾನು ತೊಳೆದದ್ದು, ಎಂದೆ. ಅವನು ನನ್ನ ಭುಜದ ಮೇಲೆ ಕೈಯಿಟ್ಟ, ಅಂಟಂಟು ಕೈ. ನೋಡಿದ್ರಾ ಪಿಯೆರೆತ್, ಎಂಥ ಮನಸ್ಸು ನಿಮ್ಮ ಸೊಸೇದು. ಹೌದಪ್ಪಾ, ಎಂದರು ಅತ್ತೆ, ಅವಳು ಊಟನೇ ಮಾಡ್ತಿಲ್ಲ, ಏನೇನೋ ಅಂತಾಳೆ. ನಾನು ಜೊಸಿಯಾನ್‌ಳನ್ನೇ ನೋಡಿದೆ. ಅವಳು ಚಿಕ್ಕ ಮಗಳ ಬಾಯಿ ಒರೆಸಿದಳು, ಒರೆಸಿದ ಬಾಯಿಯನ್ನೇ ಮತ್ತೆ ಒರೆಸಿದಳು.

ಅಜ್ಜಂದಿರು ಬಂದರು, ಇಲ್ಲಿ ಹಾಗೆ ಕರೆಯುವ, ಪಾಕದಲ್ಲಿ ಬೇಯಿಸಿದ ಹಿಟ್ಟಿನ ಉಂಡೆಗಳು, ಅದೇ ಪಾಕ, ಯಾರೂ ತಡೆಯಲಿಲ್ಲ, ಬೆವರಿದ ಬೋಳುತಲೆಗಳ ಹಾಗೆ ಬಟ್ಟಲಲ್ಲಿ ತೇಲುತ್ತಿವೆ. ಎದ್ದೆ. ಎಲ್ಲಿಗೆ ಪುಟ್ಟಿ, ಎಂದರು ಅತ್ತೆ. ಗಾಳಿಗೆ, ಎಂದೆ. ಕೋಟುಗಳ ರಾಶಿಯಿಂದ ನನ್ನದನ್ನು ಎಳೆದೆ, ಉಳಿದವೆಲ್ಲ ನೆಲಕ್ಕೆ ಬಿದ್ದವು, ಎತ್ತಲಿಲ್ಲ. ಇಮೆಲ್ಡಾ ಸ್ಟೂಲಿನ ಮೇಲಿರಲಿಲ್ಲ. ಅಂಗಳದಲ್ಲಿ ಉದ್ದನೆಯ ತೊಟ್ಟಿ, ಮಕ್ಕಳಿಗೆ ಹಿಮದ ಮೇಲೆ ಬಿಸಿ ಪಾಕ ಸುರಿದು ಕಡ್ಡಿಗೆ ಸುತ್ತಿ ಕೊಡುತ್ತಾರೆ, ಹಿಮವಿಲ್ಲವಲ್ಲ, ಸ್ಕೇಟಿಂಗ್ ಮೈದಾನ ಕೆರೆದ ಐಸನ್ನು ಟ್ರೇಲರಿನಲ್ಲಿ ತಂದು ತುಂಬಿದ್ದಾರೆ, ನೀಲಿ ಗೆರೆಯ ಬಣ್ಣ ಅಲ್ಲಲ್ಲಿ ಹಾಗೇ ಇದೆ, ರಬ್ಬರಿನ ಚೂರು, ಮಕ್ಕಳು ಅದರ ಮೇಲಿಂದ ಎತ್ತಿ ನೆಕ್ಕುತ್ತಿವೆ, ಥೂ ಸೋಪು, ಎಂದು ಒಂದು ಕೂಗಿತು, ಎಲ್ಲವೂ ಕೂಗಿದವು, ಥೂ ಸೋಪು ಥೂ ಸೋಪು, ಕೂಗುತ್ತ ನೆಕ್ಕಿದವು. ಕಾರಿನ ಬಾಗಿಲು ತೆಗೆದೆ. ಸೀಟಿನ ಕೆಳಗೆ ಕೈ ಹಾಕಿದೆ. ಪ್ಲಾಸ್ಟಿಕ್ಕಿನ ಮೂಲಕ ಮಡಿಕೆಗಳು ಕೈಗೆ ತಾಗಿದವು, ಗಟ್ಟಿ, ಮೂಳೆಯಷ್ಟು ಗಟ್ಟಿ, ಬಲಕ್ಕೆ ತಿರುಚಿದ್ದು, ಎಡಕ್ಕೆ ತಿರುಚಿದ್ದು. ಕಾರು ಹೊರಡಿಸಬಹುದು. ಕೀಲಿ ಜೇಬಿನಲ್ಲೇ ಇದೆ, ಇಪ್ಪತ್ತು ನಿಮಿಷದಲ್ಲಿ ಮನೆ. ಏನು ಮಾಡಿದರೂ ನಡೆಯುತ್ತದೆ. ನಾಳೆ ಬಾಣಲೆ ನೋಡಲು ಜನ ಬರುತ್ತಾರೆ, ಬೆರಳಿನಿಂದ ತಟ್ಟಿ ನೋಡುತ್ತಾರೆ, ಇಮೆಲ್ಡಾ ಕೈ ಗಾಳಿಯಲ್ಲಿ ಆಡಿಸುತ್ತ ಸೋಪಿನ ಡಬ್ಬಿ ಹುಡುಕುತ್ತಿರುತ್ತಾರೆ, ನಾನು ಮನೆಯಲ್ಲಿ ನನ್ನ ಚೀಲ ಬಿಚ್ಚಿ ಮೂಸುತ್ತಿರುತ್ತೇನೆ. ಆ ಚಿತ್ರವನ್ನು ನೋಡಿದೆ. ಎರಡು ವಾರದಲ್ಲಿ ಮೊದಲ ಸಲ ನನಗೆ ಹೇಸಿಗೆ ಬಂದದ್ದು ಬೇರೆ ಯಾರ ಬಾಯನ್ನೂ ನೋಡಿ ಅಲ್ಲ.

ಪಾಕ ಕಾಯಿಸುವ ಮನೆ ಊಟದ ಹಾಲಿನ ಹಿಂದೆ, ಹಲಗೆಯ ಸಣ್ಣ ಮನೆ, ಸೂರಿನ ಕಿಂಡಿಯಿಂದ ಉಗಿ ಬರುತ್ತಿಲ್ಲ. ಒಳಗೆ ಇಮೆಲ್ಡಾ ತಣ್ಣಗಿನ ಉದ್ದ ಬಾಣಲೆಯ ಮುಂದೆ ಬೆಂಚಿನ ಮೇಲೆ ಕೂತಿದ್ದಾರೆ, ಇವಾನ್ ಬಾಗಿಲಲ್ಲಿ, ಎದ್ದು ಬಾ ಅಮ್ಮಾ, ಜನ ನೋಡ್ತಾರೆ, ಎನ್ನುತ್ತಿದ್ದಾನೆ. ಮೂಲೆಯ ಗ್ಯಾಸ್ ಒಲೆಯ ಮೇಲೆ ಒಂದು ಪಾತ್ರೆ ನೀರು ಕುದಿಯುತ್ತಿದೆ, ಅದನ್ನು ಮಾತ್ರ ಯಾರೂ ಆರಿಸಿಲ್ಲ. ನೆಲದ ಮೇಲೆ ಬಕೀಟಿನಲ್ಲಿ ಮೊದಲನೆಯ ಸೋಸುಚೀಲ, ಸತ್ತ ಕೋಳಿಯ ಹಾಗೆ ಮುದುಡಿ. ಮದಾಮ್ ಇಮೆಲ್ಡಾ, ಎಂದೆ, ಅದನ್ನ ನೀವು ತೊಳೆದಿಲ್ಲ. ತೊಳೆದಿರ್ಬೇಕು ಮಗಳೇ, ಎಂದರು, ಇವನು ಹೇಳ್ತಾನೆ, ನನಗೆ ನೆನಪಿಗೆ ಬರ್ತಿಲ್ಲ ಅಷ್ಟೆ. ಇಲ್ಲ, ನಾನು ತೊಳೆದೆ, ಲುಡೊ ಶರ್ಟುಗಳ ಜೊತೆ ಮೆಷಿನ್ನಿಗೆ ಹಾಕಿದೆ, ಕಣ್ಣಾರೆ ನೋಡ್ದೆ, ನಿಲ್ಲಿಸ್ಲಿಲ್ಲ, ಬುಧವಾರ ಜೊಸಿಯಾನ್ ತಂದ್ಕೊಟ್ಟದ್ದು ಅದೇ. ಸೊಲೆನ್, ಸಾಕು, ಎಂದ ಇವಾನ್, ಮೆತ್ತಗೆ, ಅತ್ತೆಯ ದನಿಯಲ್ಲಿ. ಸಾಕಲ್ಲ, ಎಂದೆ. ಕೂಗಿರಬೇಕು, ಅಂಗಳದ ಮಕ್ಕಳು ಸುಮ್ಮನಾದವು. ನಿಮ್ಮನೇಲಿ ಯಾವ ಸೋಪಿಗೆ ಲ್ಯಾವೆಂಡರ್ ವಾಸನೆ ಇದೆ, ತಗೊಂಡು ಬಾ, ಹೋಗು, ನಿನ್ನಮ್ಮ ತೊಳೆದ ಡಬ್ಬಿ ತಗೊಂಡು ಬಾ. ಅವನು ಹೋಗಲಿಲ್ಲ. ನಿಂತು ಯೋಚಿಸಿದ. ಬಕೀಟಿನ ಹತ್ತಿರ ಬಂದು ಬಗ್ಗಿ ಮೂಸಿದ, ಆಮೇಲೆ ನನ್ನ ಹತ್ತಿರ ಬಂದ, ನನ್ನ ಕೋಟಿನ ಒಳಗಿನ ಕಾಲರು, ಲುಡೊನ ನೀಲಿ ಶರ್ಟು, ಇವತ್ತು ಅದನ್ನೇ ಹಾಕಿಕೊಂಡಿದ್ದೆ, ಮೂಗು ಅಷ್ಟು ಹತ್ತಿರ ತಂದು ನಿಂತ. ಮುಖ ಮೇಲೆತ್ತಿದಾಗ ನನ್ನನ್ನು ನೋಡಲಿಲ್ಲ, ತಾಯಿಯನ್ನೂ ನೋಡಲಿಲ್ಲ. ತಬರ್ನಾಕ್, ಎಂದ, ಬರೀ ಉಸಿರಿನಲ್ಲಿ. ಬಾಗಿಲ ಹಿಂದೆ ಒರಗಿಸಿಟ್ಟಿದ್ದ ಉದ್ದ ಹಿಡಿಯ ಸೌಟು ತಂದು ಬೆಂಚಿನ ಮೇಲೆ, ತಾಯಿಯ ಪಕ್ಕದಲ್ಲಿ ಇಟ್ಟ, ಅಮ್ಮಾ, ಎಂದ, ಹೊರಗೆ ಹೋದ. ನಾಳೆ ಆ ಜನ ಬರುತ್ತಾರೋ ಇಲ್ಲವೋ ಹೇಳಲಿಲ್ಲ. ಇಮೆಲ್ಡಾ ಸೌಟನ್ನು ಮುಟ್ಟಲಿಲ್ಲ. ಹಾಗಾದ್ರೆ ನಾನು ತೊಳೆದಿಲ್ಲ, ಎಂದರು, ಪ್ರಶ್ನೆಯ ಹಾಗಲ್ಲ. ಎಂಥ ಪೆದ್ದಿ ನೀನು, ಎಂದರು, ಅಷ್ಟು ಓದಿ. ಎರಡು ವಾರದಲ್ಲಿ ನನ್ನನ್ನು ಬೈದವರು ಇವರೊಬ್ಬರೇ.

ಚೀಲ ಬಿಚ್ಚಿದೆ. ಇದು ಎರಡನೇದು, ಎಂದೆ, ಅವನು ತಂದದ್ದು. ತೊಳೆದಿಲ್ಲ. ಅವರು ಎರಡೂ ಕೈ ಚಾಚಿದರು, ಬೆರಳುಗಳ ಗೆಣ್ಣು ದಪ್ಪ, ಉಗುರಿನಲ್ಲಿ ಮಸಿ. ಕೊಟ್ಟೆ, ಅಂಚು ಅವರ ಕೈಯಲ್ಲಿ, ಮೂತಿ ಇನ್ನೂ ನನ್ನ ಕೈಯಲ್ಲಿ. ಅವರು ಒಳಗೆ ಹೆಬ್ಬೆರಳು ಹಾಕಿ ಕೆರೆದರು, ಸೋಸಿ ಉಳಿದ ಪಾಕದ ಬೂದು ಮರಳು, ನಾಲಿಗೆಗೆ ಇಟ್ಟುಕೊಂಡರು, ಬೂಷ್ಟನ್ನೂ ಬಿಡದೆ. ಮೂಗು ಹೋದ್ರೂ ನಾಲಿಗೆ ಇದೆ, ಎಂದರು, ಸ್ವಲ್ಪ ಸೀದಿದೆ, ಮೊದಲನೇ ಸಲಕ್ಕೆ ಪರವಾಗಿಲ್ಲ. ಆಮೇಲೆ ಮಡಿಕೆಗಳನ್ನು ನೋಡಿದರು. ಹಿಂಡಿದಾನೆ, ಕತ್ತೆ, ಹಿಂಡ್ಬೇಡ ಒತ್ತು ಅಂತ ಹತ್ತು ಸಲ ಹೇಳಿದ್ದೆ, ಉಣ್ಣೆ ಹರಿದುಹೋಗತ್ತೆ ಹೀಗೆ ಹಿಂಡಿದ್ರೆ. ಎದ್ದು ಒಲೆಯ ಹತ್ತಿರ ಹೋದರು, ಸೋಸುಚೀಲದ ಜೊತೆ ನಾನೂ ಹೋದೆ, ಬಿಡಲಾಗಲಿಲ್ಲ. ಬಿಡು, ಬಿಸಿ, ಕೈ ಸುಡ್ಕೊಳ್ತೀಯ, ಎಂದರು. ಪಾತ್ರೆಯ ಮೇಲೆ ಹಿಡಿದು ಕಾದರು, ಅವಸರ ಮಾಡಲಿಲ್ಲ, ಅವರೂ ಗಂಡ ಸತ್ತವರು, ಇಪ್ಪತ್ತು ವರ್ಷವಾಯಿತು. ಬಿಟ್ಟೆ. ನೀರು ಮೊದಲು ಬೂದಾಯಿತು, ಉಣ್ಣೆ ತೇಲಿತು, ನಿಧಾನ ಕುಡಿಯಿತು, ಮುಳುಗಿತು. ಅವರು ಕಡ್ಡಿಯಿಂದಲೂ ಮುಟ್ಟಲಿಲ್ಲ, ತಾನೇ ಬಿಡತ್ತೆ ನೋಡು, ಎಂದರು. ಎಡಕ್ಕೆ ತಿರುಚಿದ ಮಡಿಕೆ ಸಡಿಲವಾಯಿತು. ಒಳಗೆ ಯಾರೋ ಬೆರಳು ಬಿಡಿಸಿದ ಹಾಗೆ, ಒಂದೊಂದಾಗಿ. ಬಲಕ್ಕೆ ತಿರುಚಿದ್ದು ಇನ್ನೂ ಹಿಡಿದುಕೊಂಡಿದೆ. ಮಧ್ಯದಲ್ಲಿ ಹೆಬ್ಬೆರಳಿನ ತಗ್ಗು. ತಗ್ಗಿನಲ್ಲಿ ನೀರು. ಬಲಕ್ಕೆ ತಿರುಚಿದ್ದು. ಹಿಡಿದುಕೊಂಡಿದೆ. ಹೆಬ್ಬೆರಳಿನ ತಗ್ಗು, ನೀರು, ಹೆಬ್ಬೆರಳಿನ ತಗ್ಗು —